ಎಂಬತ್ತೆಂಟು ಅಂಕದ ಎಂಡೋಸ್ಕೋಪಿ

ನಮ್ಮ ಓಣಿಗೆ ಐದು ದಿನಕ್ಕೊಮ್ಮೆ ನೀರು ಬರುತ್ತದೆ, ಬೆಳಿಗ್ಗೆ ಆರರಿಂದ ಏಳೂವರೆವರೆಗೆ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಮೊದಲು ಡ್ರಮ್ಮು ತುಂಬಿಸಿಕೊಂಡು ಆಮೇಲೆ ಆರಿಸಬೇಕು ಎನ್ನುವುದು ನಮ್ಮ ಅತ್ತೆಯ ಕಾಯಿದೆ. ಸೋಮವಾರ ನಾನು ಎರಡನೆಯ ಡ್ರಮ್ಮಿಗೆ ಪೈಪು ಇಳಿಬಿಟ್ಟು, ಕೊಡದ ತಳಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಫೋನು ಕೂಗಿತು. ಆಸ್ಪತ್ರೆಯ ಸಂದೇಶಕ್ಕೆ ಬೇರೆ ದನಿ ಇಟ್ಟಿದ್ದೇನೆ, ಹಾಗಾಗಿ ಕೈ ಒರೆಸಿಕೊಳ್ಳುವಷ್ಟೂ ತಡೆಯಲಾಗಲಿಲ್ಲ. ಹುಳಿ ಹತ್ತಿದ ಬೆರಳಿನಿಂದಲೇ ತೆರೆದೆ.

‘ನೀಲಾಂಬಿಕಾ, ವಯಸ್ಸು ಒಂಬತ್ತು. ದೊಡ್ಡ ಕರುಳಿನ ಎಂಡೋಸ್ಕೋಪಿ, ಎರಡನೆಯ ಯತ್ನ. ಗುಣಮಟ್ಟದ ಅಂಕ ಎಂಬತ್ತೆಂಟು. ಮಾನ್ಯತೆಗೆ ಬೇಕಾದದ್ದು ತೊಂಬತ್ತು. ಪರೀಕ್ಷೆ ಅಮಾನ್ಯ. ಮೂರನೆಯ ಯತ್ನ ಇದೇ ಗುರುವಾರ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು.’

"ಏನಂತ?" ಅತ್ತೆ ನಳದ ಹತ್ತಿರ ಕುಳಿತಲ್ಲಿಂದಲೇ ಕೇಳಿದರು.

"ಮತ್ತ ನಪಾಸ್ರಿ."

"ಎಷ್ಟ್ ಬಂದಾವು?"

"ಎಂಬತ್ತೆಂಟು."

"ಎಂಬತ್ತೆಂಟಕ್ಕ ನಪಾಸ? ನಿನ್ನ ಗಂಡ ಹತ್ತನೇತ್ತಾ ಮೂವತ್ತೆಂಟಕ್ಕ ಪಾಸಾಗ್ಯಾನ. ಅವನ ಕೈಯಾಗ ರೈಲ್ ಎಂಜಿನ್ ಕೊಟ್ಟಾರ, ರಿಪೇರಿ ಮಾಡಾಕ."

ಡ್ರಮ್ಮು ತುಂಬಿ ಅಂಗಳಕ್ಕೆಲ್ಲ ನೀರು ಹರಿಯಿತು. ಐದು ದಿನದ ನೀರಿನಲ್ಲಿ ಒಂದು ದಿನದ್ದು ಚರಂಡಿಯ ಪಾಲು. ಪೈಪು ತೆಗೆಯಲು ತಿರುಗಿದರೆ ನನ್ನ ಮಗಳು ನೀಲಿ, ಹೊಸ್ತಿಲ ಮೇಲೆ ಹಲ್ಲುಜ್ಜುವ ಬ್ರಷ್ಷು ಹಿಡಿದು ನಿಂತಿದ್ದಳು. ಏಳು ತಿಂಗಳ ಹಿಂದೆ ಹೊಲಿಸಿದ ಫ್ರಾಕು ಈಗ ಮೈಮೇಲೆ ತೂಗುಹಾಕಿದಂತೆ ಕಾಣುತ್ತದೆ.

"ಅವ್ವಾ, ನಾ ನಪಾಸಾದ್ನೇನು?"

"ನೀ ಅಲ್ಲ ಬಂಗಾರಾ. ಪರೀಕ್ಷೆ ನಪಾಸಾಗೈತಿ."

"ಪರೀಕ್ಷೆನ ನಪಾಸ್ ಹೆಂಗ ಆಗ್ತೈತಿ?"

ಅದನ್ನು ನನಗೂ ಯಾರಾದರೂ ಬಿಡಿಸಿ ಹೇಳಿದ್ದರೆ ಉಪಕಾರವಾಗುತ್ತಿತ್ತು. "ಬಾಯಿ ಮುಕ್ಕಳಿಸು, ಹೋಗು" ಎಂದೆ. ಅವಳು ಹೋಗಲಿಲ್ಲ. "ಅವ್ವಾ, ಒಂದ್ ಕೇಳ್ಲಿ?" ಎಂದಳು. "ಕೇಳು" ಎಂದೆ. ಬ್ರಷ್ಷಿನ ಕೂದಲು ನೋಡುತ್ತ "ಏನಿಲ್ಲ ಬಿಡು" ಎಂದು ಒಳಗೆ ಹೋದಳು. ಎರಡನೆಯ ಯತ್ನ ಮುಗಿದ ಮೇಲೆ ಹತ್ತು ದಿನದಿಂದ ಹೀಗೇ ನಡೆದಿತ್ತು. ಒಂದು ಕೇಳುತ್ತೇನೆ ಎನ್ನುವುದು, ಕೇಳದೆ ಹೋಗುವುದು.

ಅಂಕ ಕೊಡುವ ಆ ಯಂತ್ರಕ್ಕೆ ಸರಕಾರ ಇಟ್ಟ ಹೆಸರು ಗುಣಮಾಪಕ. ಹುಬ್ಬಳ್ಳಿಯಲ್ಲಿ ಹಾಗೆ ಯಾರೂ ಕರೆಯುವುದಿಲ್ಲ. ಅಂಕ ಕೊಡುವವನು ಮಾಸ್ತರ, ಆದ್ದರಿಂದ ಅದೂ ಮಾಸ್ತರ. ಕರುಳಿನೊಳಗೆ ಇಳಿಸುವ ನಳಿಕೆಯ ತುದಿಯಲ್ಲಿ ಅವನ ಒಂದು ಕಣ್ಣಿರುತ್ತದೆ, ಕೋಣೆಯ ಮೂಲೆಯಲ್ಲಿ ಇನ್ನೊಂದು. ಮಗುವಿನ ಎದೆಗೆ ನಾಣ್ಯದಷ್ಟು ಅಗಲದ ಬಿಲ್ಲೆ ಅಂಟಿಸುತ್ತಾರೆ, ಅದು ಎದೆಬಡಿತವನ್ನೂ ಬೆವರನ್ನೂ ಅವನಿಗೆ ಹೇಳುತ್ತಿರುತ್ತದೆ. ಹತ್ತು ವಿಷಯ, ತಲಾ ಹತ್ತು ಅಂಕ. ಕರುಳು ಸ್ವಚ್ಛವಾಗಿತ್ತೇ, ನಳಿಕೆ ದೊಡ್ಡ ಕರುಳು ದಾಟಿ ಸಣ್ಣ ಕರುಳಿನ ಬಾಯಿಯವರೆಗೆ ಹೋಯಿತೇ, ಪರೀಕ್ಷೆಗೆ ಕರುಳಿನ ಸಾಕಷ್ಟು ತುಣುಕು ತೆಗೆದರೇ, ಹೊರಗೆ ಎಳೆಯುವಾಗ ಅವಸರ ಮಾಡಿದರೇ, ಮುಗಿದ ಮೇಲೆ ಮಗು ಎಷ್ಟು ಬೇಗ ಎಚ್ಚರಾಯಿತು, ಹೀಗೆ. ಹತ್ತನೆಯದು ಮಗುವಿನದೇ ಮಾತು. ಎಚ್ಚರಾದ ಮೇಲೆ ಒಂದು ಮಾತಾಡುವ ಹಲಗೆಯ ಮೇಲೆ ಐದು ಮುಖ ತೋರಿಸುತ್ತಾರೆ, ನಗುವ ಮುಖದಿಂದ ಅಳುವ ಮುಖದವರೆಗೆ. ಮಗು ಒಂದನ್ನು ಒತ್ತಬೇಕು.

ಮಾಸ್ತರ ಸುಮ್ಮನೆ ಬಂದವನಲ್ಲ, ಅದನ್ನೂ ಹೇಳಬೇಕು. ಅವನಿಲ್ಲದ ಕಾಲದಲ್ಲಿ ಅರ್ಧ ದಾರಿಗೆ ನಳಿಕೆ ನಿಲ್ಲಿಸಿ ‘ಏನೂ ಇಲ್ಲ’ ಎಂದು ಬರೆದು ಕಳಿಸಿದ ಮಕ್ಕಳು ಎಷ್ಟೋ. ನಮ್ಮ ಹಿಂದಿನ ಓಣಿಯ ಒಬ್ಬ ಹುಡುಗನಿಗೆ ಮೂರು ವರ್ಷ ಜಂತುವಿನ ಔಷಧ ಕುಡಿಸಿದರು, ಕೊನೆಗೆ ಒಂದು ಗೇಣು ಕರುಳನ್ನೇ ಕತ್ತರಿಸಬೇಕಾಯಿತು. ಹಾಗಾಗಿ ಅಳೆಯಲಿ ಎಂದು ಕೈಯೆತ್ತಿದವರಲ್ಲಿ ನಾನೂ ಒಬ್ಬಳು. ಅಳೆಯುವವನು ಕಪಾಟಿನ ಬೀಗವನ್ನೂ ತನ್ನ ಹತ್ತಿರ ಇಟ್ಟುಕೊಳ್ಳುತ್ತಾನೆ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ನೀಲಿಗೆ ಬೇಕಾದದ್ದು ತಿಂಗಳಿಗೊಂದು ಚುಚ್ಚುಮದ್ದು. ಅಂಕ ತೊಂಬತ್ತು ಮುಟ್ಟಿದ ವರದಿ ಇಲ್ಲದಿದ್ದರೆ ಆ ಔಷಧದ ಕಪಾಟು ತೆರೆಯುವುದಿಲ್ಲ. ಡಾಕ್ಟರು ಕೈಯಾರೆ ಎಳೆದರೂ ತೆರೆಯುವುದಿಲ್ಲ.

ಮೊದಲನೆಯ ಯತ್ನ ಕೆಟ್ಟದ್ದು ನಮ್ಮ ತಪ್ಪಿನಿಂದ. ಬೀಜವಿರುವ ಹಣ್ಣು ಮೂರು ದಿನ ಮೊದಲಿನಿಂದ ಕೊಡಬಾರದು ಎಂದಿದ್ದರು, ಅತ್ತೆ ಮೊಮ್ಮಗಳ ಮುಖ ನೋಡಲಾರದೆ ಅರ್ಧ ಪೇರಲ ಹಣ್ಣು ಕೊಟ್ಟಿದ್ದರು. ನಳಿಕೆಯ ತುದಿಯ ಕಣ್ಣಿಗೆ ಬೀಜ ಅಡ್ಡ ಬಂದು ಮಾಸ್ತರ ಎಪ್ಪತ್ತೊಂಬತ್ತು ಕೊಟ್ಟ. ಎರಡನೆಯ ಸಲ ನಾನು ಕಾವಲು ಕೂತೆ. ಕರುಳು ತೊಳೆಯುವ ಆ ಉಪ್ಪುಪ್ಪು ನಿಂಬೆ ವಾಸನೆಯ ನೀರು ಒಂದೂವರೆ ಲೀಟರು. ‘ಅವ್ವಾ, ನೀನೂ ಕುಡಿ’ ಎಂದು ನೀಲಿ ಹಟ ಹಿಡಿದಳೆಂದು ಅವಳೊಂದು ಲೋಟಕ್ಕೆ ನಾನೂ ಒಂದು ಲೋಟ ಕುಡಿದೆ. ಇಬ್ಬರು ಹೆಂಗಸರು, ಒಂದು ಪಾಯಖಾನೆ, ನೀರು ಬರದ ದಿನ. ಆ ಹಗಲನ್ನು ಇಲ್ಲಿ ವಿವರಿಸುವುದಿಲ್ಲ. ಅದಕ್ಕೆ ಸಿಕ್ಕಿದ ಫಲ ಎಂಬತ್ತೆಂಟು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಮಕ್ಕಳ ಎಂಡೋಸ್ಕೋಪಿ ವಿಭಾಗದ ಮುಂದಿನ ಬೆಂಚುಗಳಲ್ಲಿ ಕುಳಿತ ತಾಯಂದಿರು ಫಲಿತಾಂಶದ ದಿನದ ಶಾಲೆಯಂತೆ ಇದ್ದರು. ಒಬ್ಬಾಕೆ ಎಲ್ಲರಿಗೂ ಪೇಢೆ ಹಂಚುತ್ತಿದ್ದಳು.

"ತಗೋರಿ ಅಕ್ಕಾರ. ನಮ್ಮ ಹುಡುಗಗ ತೊಂಬತ್ತಾರು ಬಂತು."

"ರೋಗ ಏನಂತ್ರಿ ಅವಂಗ?"

"ಅದನ್ನಿನ್ನಾ ಹೇಳಿಲ್ರಿ," ಎಂದಳು. "ಅಂಕ ಮಾತ್ರ ಮಸ್ತ್ ಬಂದಾವು."

ಪೇಢೆ ಬಾಯಲ್ಲಿ ಹಾಕಿಕೊಂಡು ಮೂರನೆಯ ಮಹಡಿ ಹತ್ತಿದೆ. ಅಲ್ಲಿ ಮಾಸ್ತರನ ಕೋಣೆ. ಗೋಡೆ ತುಂಬ ಪರದೆಗಳು, ಒಂದೊಂದರಲ್ಲೂ ಯಾರದೋ ಮಗುವಿನ ಒದ್ದೆ ಗುಲಾಬಿ ಬಣ್ಣದ ಒಳಗು, ಪಕ್ಕದಲ್ಲಿ ಏರಿಳಿಯುವ ಅಂಕಿ. ನಡುವೆ ಒಂದು ಕುರ್ಚಿಯಲ್ಲಿ ಗುಣಮಟ್ಟದ ಅಧಿಕಾರಿ ವಿನಾಯಕ ತೊರಗಲ್ಲ ಊಟದ ಡಬ್ಬಿ ಬಿಚ್ಚಿದ್ದರು. ಆ ಪರದೆಗಳನ್ನು ನೋಡುತ್ತ ಮೊಸರನ್ನ ಉಣ್ಣುವುದು ಅವರಿಗೆ ರೂಢಿಯಾಗಿತ್ತು.

"ಬರ್ರಿ ಅಕ್ಕಾರ, ಕೂಡ್ರಿ. ಆರಾಮ?"

"ಆರಾಮ್ರಿ," ಎಂದೆ. ಅನ್ನಲೇಬೇಕಲ್ಲ. "ನಮ್ಮ ಹುಡುಗಿಗೆ ಎಂಬತ್ತೆಂಟು ಯಾಕ ಬಂತು ಅಂತ ಕೇಳಾಕ ಬಂದೆ ಸರ."

ಅವರು ಎಡಗೈಯಿಂದ ಪರದೆ ಸರಿಸಿದರು. "ನೋಡ್ರಿ, ಎಂಟರಾಗ ಪೂರಾ ಅಂಕ ಬಂದಾವು. ಹೊರಗ ತೆಗಿಯೂಮುಂದ ಮೇಡಂ ಒಂದ್ ನಿಮಿಷ ಅವಸರ ಮಾಡ್ಯಾರ, ಅದಕ್ಕ ಎಂಟು. ಎಚ್ಚರಾಗೂದ್ರಾಗಂತೂ ನಿಮ್ಮ ಮಗಳದು ಈ ತಿಂಗಳ ದಾಖಲೆ. ನಳಿಕಿ ಹೊರಗ ಬಂದು ಆರ ನಿಮಿಷಕ್ಕ ಕಣ್ಣ ಬಿಟ್ಟಾಳ. ಹೊಡತ ಬಿದ್ದಿದ್ದು ಹತ್ತನೇದ್ರಾಗ. ಸೊನ್ನಿ."

"ಹತ್ತನೇದು ಅಂದ್ರ?"

"ಮಾರಿ ಒತ್ತೂದು. ಆಕಿ ನಗೂ ಮಾರಿ ಒತ್ತ್ಯಾಳ. ಬಿಲ್ಲೆ ಬ್ಯಾರೆ ಹೇಳ್ತೈತಿ." ಒಂದು ಗೆರೆ ತೋರಿಸಿದರು. ಸಮನಾಗಿ ಹೋಗುತ್ತಿದ್ದ ಗೆರೆ ನಡುವೆ ಎಲ್ಲೋ ಗುಡ್ಡದಂತೆ ಎದ್ದು, ಹನ್ನೊಂದು ನಿಮಿಷ ಮೇಲೆಯೇ ಇದ್ದು, ಇಳಿದಿತ್ತು. "ಎರಡೂ ಒಂದಕ್ಕೊಂದು ತಾಳೆ ಆಗೂದಿಲ್ಲ. ತಾಳೆ ಆಗ್ಲಿಲ್ಲಂದ್ರ ಸೊನ್ನಿ."

"ಅಂದ್ರ ನಗೂ ಮಾರಿ ಒತ್ತಿದ್ದಕ್ಕ ಆಕಿ ಮತ್ತ ಕರಳ ತೊಳಸ್ಕೋಬೇಕ?"

"ಹಂಗ ಅಂದ್ರ ಹೆಂಗ್ರಿ," ಎಂದು ಅವರು ನೊಂದುಕೊಂಡರು. "ಎರಡ್ ದಾರಿ ಅದಾವು. ಒಂದು, ಬಿಲ್ಲೆ ಸಡಿಲ ಇತ್ತು ಅಂತ ನಾ ಬರಿತೇನಿ. ಆಗ ಯಾರದೂ ತಪ್ಪಲ್ಲ, ಆದ್ರ ಪರೀಕ್ಷೆ ಮೊದಲಿಂದ. ಇನ್ನೊಂದು, ತಿದ್ದುಪಡಿ. ಬುಧವಾರ ಮುಂಜಾನೆ ಹನ್ನೊಂದಕ್ಕ ಮಗೂನ್ನ ಕರಕೊಂಬರ್ರಿ. ಮೇಡಂ ಇರ್ತಾರ, ನಾ ಇರ್ತೇನಿ. ಆಕಿ ಮತ್ತೊಮ್ಮೆ ಮಾರಿ ಒತ್ಲಿ. ಅಳೂ ಮಾರಿ ಒತ್ತಿದ್ರ ಬಿಲ್ಲೆಗೆ ತಾಳೆ ಆಗ್ತೈತಿ, ಎರಡ್ ಅಂಕ ಸಿಗ್ತಾವು."

"ತೊಂಬತ್ತಾತು."

"ತೊಂಬತ್ತಾತು, ಪಾಸಾತು. ಅಳೂ ಮಾರಿ ಬಂದ್ರ ಮೇಡಂ ಅವರಿಗೆ ಒಂದ್ ನೋಟೀಸು ಹೋಗ್ತೈತಿ, ಅದು ಅವರ ಪಾಡು." ಅವರು ಒಂದು ತುತ್ತು ಉಂಡರು. "ಆದ್ರ ಅಕ್ಕಾರ, ನೀವ್ ಹೇಳಿಕೊಟ್ಟಂಗಿಲ್ಲ. ಆ ಖೋಲಿಯೊಳಗ ನಿಮ್ಮ ಬಾಯಿಂದ ಒಂದ್ ಶಬ್ದ ಬಂತಂದ್ರ ಮಾಸ್ತರ ಕೇಳಸ್ಕೊಂಡು ರದ್ದ ಮಾಡ್ತಾನ."

ಕೆಳಗಿಳಿದು ಡಾಕ್ಟರ್ ಸುಷಮಾ ಹಂಚಿನಮನಿಯವರ ಬಾಗಿಲಲ್ಲಿ ನಿಂತೆ. ಎರಡೂ ಸಲ ನೀಲಿಯನ್ನು ನೋಡಿದವರು ಅವರೇ. ಎರಡು ಪರೀಕ್ಷೆಗಳ ನಡುವೆ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. ಒಳ್ಳೆಯ ಹೆಂಗಸು, ದಿನಕ್ಕೆ ಒಂಬತ್ತು ಮಕ್ಕಳನ್ನು ನೋಡಿ ಕಣ್ಣಿನ ಕೆಳಗೆ ಕಪ್ಪಾಗಿದೆ.

"ನೀಲಾಂಬಿಕಾನ ಸಣ್ಣ ಕರುಳಿನ ತುದಿಯೊಳಗ ಹುಣ್ಣ ಅದಾವ ಕಸ್ತೂರಿಯವರ. ಕಣ್ಣಾರೆ ನೋಡೀನಿ. ಔಷಧ ನಾಳೆನೇ ಸುರು ಆಗಬೇಕು, ತಡ ಆದಷ್ಟು ಕರುಳು ಗಂಟು ಬೀಳ್ತದ. ಆದ್ರ ನನ್ನ ಕಣ್ಣಿಗೆ ಈ ಕಟ್ಟಡದಾಗ ಅಂಕ ಇಲ್ಲ."

"ಮತ್ತ ನೀವು ಯಾಕ ಸುಮ್ನದೀರಿ ಮೇಡಂ?"

"ಅಳತಿ ಇಲ್ಲದ ಕಾಲಾನೂ ನಾ ನೋಡೀನಿ," ಎಂದರು. "ಅದು ಇದಕ್ಕಿಂತ ಕೆಟ್ಟಿತ್ತು."

ಮನೆಗೆ ಬಂದಾಗ ಕರುಳು ತೊಳೆಯುವ ಪುಡಿಯ ಹೊಸ ಪೊಟ್ಟಣ ಆಗಲೇ ಬಂದು ಬಿದ್ದಿತ್ತು. ಆಸ್ಪತ್ರೆಯ ಬೇರೆ ಯಾವುದೂ ಇಷ್ಟು ಬೇಗ ಬರುವುದಿಲ್ಲ. ಬುಧವಾರ ತಿದ್ದುಪಡಿ ಆಗದಿದ್ದರೆ ಅದೇ ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಲೋಟ ಸುರುವಾಗಬೇಕು. ಮುನ್ನೆಚ್ಚರಿಕೆಗೆಂದು ಮಂಗಳವಾರದಿಂದಲೇ ನೀಲಿಗೆ ಬರೀ ಗಂಜಿ. ತೂಕ ಹತ್ತೊಂಬತ್ತು ಕಿಲೋಕ್ಕೆ ಇಳಿದ ಹುಡುಗಿಗೆ ಗಂಜಿ.

ಸಮಸ್ಯೆ ನನಗೆ ಸರಳವಾಗಿ ಕಂಡಿತ್ತು. ಒಂದು ಮುಖ ಒತ್ತಬೇಕು, ಅಷ್ಟೆ. ಮಂಗಳವಾರ ಬೆಳಿಗ್ಗೆ ಜಡೆ ಹಾಕುತ್ತ ಮಾತು ತೆಗೆದೆ.

"ನೀಲಿ, ಅವತ್ತ ಎದ್ದ ಮ್ಯಾಲೆ ನಗೂ ಮಾರಿ ಯಾಕ ಒತ್ತಿದಿ?"

"ಅದು ‘ಆರಾಮ ಇದ್ದೀಯಾ’ ಅಂತ ಕೇಳ್ತು."

"ಹ್ಞೂಂ, ಅದಕ್ಕ?"

"ಆರಾಮ ಅಂತ ಕೇಳಿದ್ರ ಆರಾಮ್ರಿ ಅನ್ಬೇಕು. ನೀನ ಹೇಳೀಯಲ್ಲ."

ಹೇಳಿದ್ದೆ. ಮಾತು ಬಂದ ದಿನದಿಂದ ಹೇಳಿದ್ದೆ. ನಮ್ಮ ಕಡೆ ಸಾವಿನ ಮನೆಗೆ ಹೋದರೂ ಮೊದಲು ಆರಾಮ ಎಂದೇ ಕೇಳುತ್ತಾರೆ, ಹೆಣದ ಪಕ್ಕ ಕುಳಿತವರೂ ಆರಾಮ್ರಿ ಎಂದೇ ಹೇಳುತ್ತಾರೆ. ಅದು ಪ್ರಶ್ನೆಯಲ್ಲ ಎಂದು ನಮಗೆ ಗೊತ್ತು. ಬೇರೆ ಊರಿನಲ್ಲಿ ಕುಳಿತು ಆ ಹಲಗೆಗೆ ಮಾತು ಕಲಿಸಿದವರಿಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಮಕ್ಕಳಿಗೆ ಹುಬ್ಬಳ್ಳಿಯ ಹಾಗೆ ಕೇಳಿಸಬೇಕೆಂದು ಅವರು ಆ ಒಂದು ಶಬ್ದವನ್ನೇ ಆರಿಸಿಕೊಂಡಿದ್ದರು.

ಅತ್ತೆ ಸೊಪ್ಪು ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು. "ನಾಳೆ ಅಳೂ ಮಾರಿ ಒತ್ತಿಬಿಡವಾ ನನ್ನ ಕೂಸ. ಮುಗದ ಹೋತು."

"ಅಳೂ ಮಾರಿ ಒತ್ತಿದ್ರ ಡಾಕ್ಟರ್ ನಪಾಸ್ ಆಗ್ತಾರೇನು ಆಯಿ?"

"ಆಗ್ಲೇಳು. ಓದಿದವರು, ಮತ್ತ ಕಟ್ಟಿ ಪಾಸಾಗ್ತಾರ."

ನೀಲಿ ನಗಲಿಲ್ಲ. "ಅವ್ವಾ, ಒಂದ್..." ಎಂದು ಸುರುಮಾಡಿ, ಜಡೆಯ ತುದಿಯ ರಿಬ್ಬನ್ನು ತಾನೇ ಕಟ್ಟಿಕೊಂಡು ಎದ್ದುಹೋದಳು. ಹೇಳಿಕೊಡುವಂತಿಲ್ಲ ಎಂಬ ನಿಯಮ ಆಸ್ಪತ್ರೆಯ ಖೋಲಿಗೆ ಮಾತ್ರ, ನಮ್ಮ ಪಡಸಾಲೆಗೆ ಇರಲಿಲ್ಲ. ಆದರೂ ನಾನು ಮುಂದೆ ಮಾತಾಡಲಿಲ್ಲ. ಸುಳ್ಳು ಹೇಳು ಎಂದು ಹೇಳಿಕೊಡುತ್ತಿದ್ದೆನೋ, ನಿಜ ಹೇಳು ಎಂದೋ, ನನಗೇ ತಿಳಿದಿರಲಿಲ್ಲ.

ಅದು ತಿಳಿದದ್ದು ಮಧ್ಯಾಹ್ನ. ಒಣಗಿದ ಬಟ್ಟೆ ಮಡಚಿ ಇಡಲು ಒಳಕೋಣೆಗೆ ಹೋದೆ. ನೀಲಿ ನನಗೆ ಬೆನ್ನು ಮಾಡಿ ಮಂಚದ ಪಕ್ಕ ನಿಂತಿದ್ದಳು. ಅತ್ತೆಯ ದಿಂಬನ್ನು ಮಲಗಿಸಿ, ಅದಕ್ಕೆ ಹೊದಿಕೆ ಹೊದಿಸಿ, ನನ್ನ ಹಣೆಯ ಟಿಕಳಿಯೊಂದನ್ನು ದಿಂಬಿನ ಎದೆಗೆ ಅಂಟಿಸಿದ್ದಳು. ಆಟ ಎಂದು ಸುಮ್ಮನೆ ನಿಂತೆ.

"ಇನ್ನೆರಡು ತುಣುಕು," ಎಂದಳು ನೀಲಿ, ಡಾಕ್ಟರ ದನಿಯಲ್ಲಿ. "ಗಾಳಿ ಕಡಿಮಿ ಮಾಡು. ಹ್ಞಾಂ, ಅಲ್ಲೇ."

ಆಮೇಲೆ ದನಿ ದಪ್ಪ ಮಾಡಿ ಗಂಡಸಿನಂತೆ ಕೇಳಿದಳು. "ಮೇಡಂ, ನಿಮ್ಮ ತಂಗಿ ಮದುವಿಗೆ ಛತ್ರ ಸಿಕ್ಕತೇನ್ರಿ?"

ಮತ್ತೆ ಡಾಕ್ಟರ ದನಿ. "ಎಲ್ಲಿ ಸಿಗತದೋ. ವೈಶಾಖದಾಗ ಎಲ್ಲಾ ತುಂಬ್ಯಾವ. ಗಾಳಿ, ಗಾಳಿ ನೋಡು."

ಮಡಚಿದ ಬಟ್ಟೆ ಎದೆಗೊತ್ತಿಕೊಂಡು ಹಿಂದಕ್ಕೆ ಸರಿದೆ. ಅಡುಗೆಮನೆಗೆ ಬಂದು ನಳ ತಿರುಗಿಸಿದೆ. ನೀರು ಬರುವ ದಿನವಲ್ಲ ಎಂಬುದೇ ಮರೆತುಹೋಗಿತ್ತು. ಆ ಮಾತುಗಳನ್ನು ಅವಳು ಎಲ್ಲಿ ಕೇಳಿರಬಹುದು ಎಂದು ಬೇರೆ ಬೇರೆ ಜಾಗ ಯೋಚಿಸಿದೆ. ಹೊರಗಿನ ಬೆಂಚಿನಲ್ಲಿ? ಮಂಚದ ಮೇಲೆ ಒಯ್ಯುವಾಗ? ತುಣುಕು ತೆಗೆಯುವುದು ಪರೀಕ್ಷೆಯ ನಡುವೆ, ಮಗು ನಿದ್ದೆಯಲ್ಲಿದ್ದಾಗ. ಕರುಳು ಉಬ್ಬಿಸಲು ಗಾಳಿ ಬಿಡುವುದೂ ನಡುವೆ. ಆ ಗೆರೆ ಗುಡ್ಡವಾಗಿ ನಿಂತ ಹನ್ನೊಂದು ನಿಮಿಷ.

ಅವಳ ಬಳಿ ಹೋಗಿ ಕುಳಿತೆ. "ಬಂಗಾರಾ, ಅವತ್ತ ನಿನಗ ಎಚ್ಚರ ಇತ್ತೇನು?"

ಅವಳು ದಿಂಬಿನ ಟಿಕಳಿ ಕಿತ್ತು ಬೆರಳಿಗೆ ಅಂಟಿಸಿಕೊಂಡಳು. "ಆರಾಮ ಇದೀನಿ ಅವ್ವಾ," ಎಂದಳು.

ನನಗೆ ನನ್ನ ಮೇಲೆಯೇ ಎಷ್ಟು ಸಿಟ್ಟು ಬಂತೆಂದರೆ, ಡಾಕ್ಟರಿಗೆ ಫೋನು ಮಾಡುವಾಗ ಅದರಲ್ಲಿ ಅರ್ಧ ಅವರ ಮೇಲೆ ಚೆಲ್ಲಿತು.

"ಸಾಧ್ಯ ಇಲ್ಲ ಕಸ್ತೂರಿಯವರ," ಎಂದರು ಅವರು, ಸಮಾಧಾನದಿಂದ. "ನಿದ್ದಿ ಔಷಧ ಪಂಪು ಕೊಡತದ, ಅದನ್ನ ಮಾಸ್ತರ ನೋಡಕೋತಾನ. ನಿದ್ದಿ ಸಾಕಷ್ಟು ಅಂತ ದಾಖಲಾಗೇದ. ಮಕ್ಕಳು ಟಿವಿ ನೋಡ್ತಾವ, ಕನಸ ಕಾಣ್ತಾವ, ಎಲ್ಲಾ ಕೂಡಿಸಿ ಏನೋ ಒಂದ್ ಹೇಳ್ತಾವ."

"ಹೌದ್ರಿ ಮೇಡಂ, ಟಿವಿ ಭಾಳ ನೋಡ್ತಾಳ," ಎಂದೆ. "ಅಂದಂಗ, ನಿಮ್ಮ ತಂಗಿ ಮದುವಿಗೆ ಛತ್ರ ಸಿಕ್ಕತೇನ್ರಿ?"

ಫೋನು ಕಟ್ಟಾಗಿರಬೇಕು ಎಂದು ಪರದೆ ನೋಡಿದೆ. ಕಟ್ಟಾಗಿರಲಿಲ್ಲ. ಹಿಂದೆ ಯಾರೋ ಮೇಡಂ ಮೇಡಂ ಎಂದು ಕರೆಯುವುದು ಕೇಳಿಸುತ್ತಿತ್ತು.

"ನಾಳೆ ಬರ್ರಿ," ಎಂದರು ಕೊನೆಗೆ.

ಬುಧವಾರ ನೀಲಿಯನ್ನು ಅತ್ತೆಯ ಜೊತೆ ಕೆಳಗಿನ ಬೆಂಚಿನಲ್ಲಿ ಕೂರಿಸಿ ಹತ್ತೂವರೆಗೇ ಮೂರನೆಯ ಮಹಡಿಗೆ ಹೋದೆ. ರಾತ್ರಿಯಿಡೀ ಒಂದೇ ಮಾತು ತಲೆಯಲ್ಲಿ ಕೊರೆದಿತ್ತು.

"ಸರ, ಬಿಲ್ಲೆ ಸಡಿಲ ಇತ್ತು ಅಂತ ಈ ವರ್ಷ ಎಷ್ಟ್ ಮಕ್ಕಳಿಗೆ ಬರದೀರಿ?"

ತೊರಗಲ್ಲ ನಕ್ಕರು. "ಅದನ್ನ ಯಾರ್ ಎಣಸ್ಯಾರ್ರಿ?"

"ನಿಮ್ಮ ಮಾಸ್ತರ ಎಲ್ಲಾ ಎಣಸ್ತಾನಲ್ರಿ."

ಅವರು ಏನನ್ನೋ ಒತ್ತಿದರು. ಪರದೆಯ ಮೇಲೆ ಒಂದು ಪಟ್ಟಿ ಬಂತು. ಅವರು ನಗು ನಿಲ್ಲಿಸಿದರು. "ಮೂವತ್ತೊಂದು. ಎಲ್ಲಾ ಬ್ಯಾಸಿಗಿ ಆದ ಮ್ಯಾಲಿನವು."

"ಬ್ಯಾಸಿಗಿಗೆ ಏನ್ ಆತ್ರಿ?"

"ಪಂಪು ಹೊಸಾದು ಬಂತು," ಎಂದು ಅವರು ನಿಧಾನವಾಗಿ ಹೇಳಿದರು, ತಮಗೇ ಹೇಳಿಕೊಳ್ಳುವ ಹಾಗೆ. "ತಾನ ಕಲಿಯೂ ಪಂಪು. ಮಗು ಜಲ್ದಿ ಎಚ್ಚರಾದ್ರ ಹತ್ ಅಂಕ ಅಲ್ರಿ? ಅದು ಪಂಪಿಗೂ ಗೊತ್ತು. ನಿದ್ದಿ ಔಷಧ ಒಂದೊಂದ ಹನಿ ಕಡಿಮಿ ಮಾಡಿ ನೋಡ್ತೈತಿ. ಮಗು ಅಳೂ ಮಾರಿ ಒತ್ತಿದ್ರ ಮತ್ತ ಏರಸ್ತೈತಿ. ನಗೂ ಮಾರಿ ಒತ್ತಿದ್ರ ಮುಂದಿನ ಮಗುಗ ಇನ್ನೊಂದ ಹನಿ ಕಡಿಮಿ."

"ಎಲ್ಲಾರೂ ಏನ್ ಒತ್ತ್ಯಾರು?"

ಪಟ್ಟಿಯಲ್ಲಿ ಕಾಣುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ನಗುವ ಮುಖಗಳು. ಆರಾಮ ಇದ್ದೀಯಾ ಎಂದು ಕೇಳಿದ್ದಕ್ಕೆ ಮೂವತ್ತೊಂದು ತಾಯಂದಿರ ಮಕ್ಕಳು ಮರ್ಯಾದೆಯಿಂದ ಆರಾಮ್ರಿ ಎಂದಿದ್ದವು.

"ಕರಳ ಅಲುಗಾಡಬಾರದು ಅಂತ ಮೈ ಸಡಿಲ ಮಾಡೂ ಔಷಧ ಬ್ಯಾರೆ ಕೊಡ್ತಾರ್ರಿ," ಎಂದರು ಅವರು. "ಅದು ಕಡಿಮಿ ಆಗಿಲ್ಲ. ಉಸಿರು ನಡೀತೈತಿ, ಕೈಕಾಲು ಏಳೂದಿಲ್ಲ."

"ಅಂದ್ರ ಎಚ್ಚರ ಇದ್ರೂ ಅಲುಗಾಡಾಕ ಬರೂದಿಲ್ಲ."

"ಎಚ್ಚರ ಇತ್ತೋ ಇಲ್ಲೋ ಅನ್ನೂ ಕಾಲಮ್ಮ ಇಲ್ರಿ ಅಕ್ಕಾರ ಇದ್ರಾಗ," ಎಂದರು. ಊಟದ ಡಬ್ಬಿಯನ್ನು ಮೇಜಿನ ಕೆಳಗೆ ಸರಿಸಿದರು, ಯಾಕೋ.

ಇದನ್ನೆಲ್ಲ ಕೂಗಿ ಹೇಳಬೇಕು ಎನಿಸಿತು, ಆ ಕಟ್ಟಡದ ಪ್ರತಿ ಬೆಂಚಿನ ಮುಂದೆ ನಿಂತು. ಆದರೆ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ನನ್ನ ಮಗಳಿಗೆ ಬೇಕಾದ ಎರಡು ಅಂಕ ನಾನು ಬಾಯಿ ಮುಚ್ಚಿಕೊಂಡಿರುವುದರ ಮೇಲೆ ನಿಂತಿತ್ತು.

ತಿದ್ದುಪಡಿಯ ಖೋಲಿ ಸಣ್ಣದು. ಗೋಡೆಗೆ ಆನೆ, ಜಿರಾಫೆ ಬರೆದಿದ್ದರು. ಡಾಕ್ಟರ್ ಸುಷಮಾ ಮೊದಲೇ ಬಂದು ಕುಳಿತಿದ್ದರು. ನನ್ನ ಕಡೆ ಒಮ್ಮೆ ನೋಡಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ತೊರಗಲ್ಲ ನೀಲಿಯ ಮುಂದೆ ಹಲಗೆ ಇಟ್ಟರು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕುಳಿತೆ.

"ನಮಸ್ಕಾರ ಪುಟ್ಟಿ," ಎಂದಿತು ಹಲಗೆ, ಜೇನಿನಂಥ ದನಿಯಲ್ಲಿ. "ಆರಾಮ ಇದ್ದೀಯಾ?"

"ಆರಾಮ್ರಿ," ಎಂದಳು ನೀಲಿ.

ನಾನು ಸೆರಗನ್ನು ಇನ್ನೂ ಬಿಗಿಯಾಗಿ ಕಚ್ಚಿದೆ. ತೊರಗಲ್ಲ ಅಂಗೈ ತೋರಿಸಿ ತಾಳಿ ಎಂದರು. ಬಾಯಿಮಾತು ಲೆಕ್ಕಕ್ಕಿಲ್ಲ, ಮುಖ ಒತ್ತಿದ್ದಷ್ಟೇ ಲೆಕ್ಕ.

ಐದು ಮುಖಗಳು ಮೂಡಿದವು. ನೀಲಿಯ ಬೆರಳು ನಗುವ ಮುಖದ ಮೇಲೆ ಹೋಗಿ ನಿಂತಿತು. ಅಭ್ಯಾಸ. ಅವಳು ತಲೆಯೆತ್ತಿ ಡಾಕ್ಟರನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ನೆಲ ನೋಡಿದೆ. ಕಣ್ಣಿನಿಂದ ಹೇಳಿಕೊಟ್ಟರೂ ಇಲ್ಲಿಯ ಮೂಲೆಯಲ್ಲೂ ಇದ್ದ ಮಾಸ್ತರನ ಕಣ್ಣು ಬರೆದುಕೊಳ್ಳುತ್ತದೆ. ಎಷ್ಟು ಹೊತ್ತು ನೆಲ ನೋಡಿದೆನೋ ಗೊತ್ತಿಲ್ಲ. ಹಲಗೆಯಿಂದ ಟಣ್ ಎಂಬ ಸದ್ದು ಬಂತು.

ಅಳುವ ಮುಖ ಹಳದಿಯಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಎಂಬತ್ತೆಂಟು ಅಳಿಸಿ ತೊಂಬತ್ತು ಬಂತು. ಹಸಿರು ಅಕ್ಷರದಲ್ಲಿ ‘ಮಾನ್ಯ’.

"ಆತಲ್ರಿ," ಎಂದು ತೊರಗಲ್ಲ ಉಸಿರು ಬಿಟ್ಟರು. "ಔಷಧದ ಕಪಾಟು ಈಗ ತೆರೀತೈತಿ. ಇವತ್ತ ಹಾಕಸ್ಕೊಂಡು ಹೋಗ್ರಿ. ಶ್ಯಾಣ್ಯಾಕಿ ಆಕಿ ನೋಡ್ರಿ."

ಇನ್ನು ಲೋಟವಿಲ್ಲ, ಗಂಜಿಯಿಲ್ಲ, ಆ ಮಂಚವಿಲ್ಲ. ಮೂವತ್ತೊಂದು ಮಕ್ಕಳ ಮಾತು ಆಡಬೇಕಿತ್ತು, ಆಡುತ್ತೇನೆ, ಇಂಜೆಕ್ಷನ್ ಮೈಗೆ ಹೋದ ಮರುಗಳಿಗೆ ಆಡುತ್ತೇನೆ ಎಂದುಕೊಂಡು ಎದ್ದು ನೀಲಿಯ ಚೀಲ ತೆಗೆದುಕೊಂಡೆ. "ಬಾ ಬಂಗಾರಾ," ಎಂದೆ. ಈಗ ಮಾತಾಡಬಹುದಿತ್ತು. ಡಾಕ್ಟರೂ ಎದ್ದರು, ನೀಲಿಯ ತಲೆ ಸವರಲು ಕೈ ಚಾಚಿದರು.

ನೀಲಿ ಎದ್ದಿರಲಿಲ್ಲ. ಎರಡೂ ಕೈಗಳಿಂದ ಕುರ್ಚಿಯ ಅಂಚು ಹಿಡಿದು ಕುಳಿತಿದ್ದಳು.

"ಡಾಕ್ಟರ್, ಒಂದ್ ಕೇಳ್ಲಿ?"

ಅವರ ಕೈ ಅರ್ಧ ದಾರಿಯಲ್ಲಿ ನಿಂತಿತು. "ಕೇಳು."

ಈ ಸಲವೂ ಏನಿಲ್ಲ ಬಿಡ್ರಿ ಅನ್ನುತ್ತಾಳೆ ಎಂದುಕೊಂಡೆ. ಅನ್ನಲಿ ಎಂದು ಒಳಗೊಳಗೆ ಬೇಡಿಕೊಂಡೆನೋ ಏನೋ.

"ಅವತ್ತ ನನಗ ಎಚ್ಚರ ಇತ್ತು," ಎಂದಳು ನೀಲಿ. ದೂರಿನ ದನಿಯಲ್ಲ, ಶಾಲೆಯಲ್ಲಿ ಲೆಕ್ಕ ತಿಳಿಯದಿದ್ದಾಗ ಕೇಳುವ ದನಿ. "ಕೈ ಎತ್ತಾಕ ಬರ್ಲಿಲ್ಲ. ಒದರಾಕೂ ಬರ್ಲಿಲ್ಲ. ಕಣ್ಣಾಗ ನೀರಷ್ಟ ಬಂತು. ಆಗ ನೀವು ಬಗ್ಗಿ ನನ್ನ ಮಾರಿ ನೋಡಿದ್ರಿ. ಬಿಳೆ ಅರಿವಿ ತಗೊಂಡು ಕಣ್ಣ ಒರಸಿದ್ರಿ. ಒರಸಿ ಮತ್ತ ಮಾಡಾಕ ಹತ್ತಿದ್ರಿ."

ಹಲಗೆ ಇನ್ನೂ ಆರಿರಲಿಲ್ಲ.

"ಒರಸೂಮುಂದ," ಎಂದಳು ನೀಲಿ, "ನಾ ಎಚ್ಚರ ಇದ್ದದ್ದು ನಿಮಗ ಗೊತ್ತಿತ್ತೇನ್ರಿ?"